ಮಂದ್ರದ ಕೊಳವೆ, ಮಲೈಟಾ ದ್ವೀಪ

ಔಕಿಯಿಂದ ದೋಣಿಯಲ್ಲಿ ಬಂತು
ನಾಲ್ಕಿಂಚಿನ ಪ್ಲಾಸ್ಟಿಕ್ ಪೈಪು, ಎರಡಾಳುದ್ದ.
ನಮ್ಮ ಬಿದಿರು ವಾದ್ಯದ ತಂಡಕ್ಕೆ ಅತಿ ಕೆಳಗಿನ ಸ್ವರ;
ನೆಟ್ಟಗೆ ನಿಲ್ಲಿಸಿದರೆ ಚರ್ಚಿನ ತೊಲೆಗೆ ತಾಗುತ್ತದೆ.

ಮೊದಲನೆಯದನ್ನು ಬಾಗಿಸಿದವನು ನಾನೇ,
ಒಳಗೆ ಬರಿದು, ಉರಿಗೆ ನೇರ ಹಿಡಿದು.
ಮೊಣಕಾಲು ಕುಸಿದ ಹಾಗೆ ಮಡಿಚಿಕೊಂಡಿತು.
ಈಗ ಅದರಲ್ಲಿ
ನೆಸ್ಟಾ ಅತ್ತೆಯ ಹಂದಿಗಳು ನೀರು ಕುಡಿಯುತ್ತವೆ.

ಇರೋಫಿಯಾಲ ಮಾವ ಬಯ್ಯಲಿಲ್ಲ.
ಕಡಲ ಮರಳನ್ನು ಬಾಣಲೆಯಲ್ಲಿ ಹುರಿದ
(ಹಸಿಯಿದ್ದರೆ ಉಗಿಯಾಗಿ ಸಿಡಿದೀತು),
ತಳಕ್ಕೆ ತೆಂಗಿನ ನಾರಿನ ಬಿರಡೆ ಜಡಿದು
ಕುಟ್ಟಿ ಕುಟ್ಟಿ ತುಂಬಿದ, ಗಂಟಲವರೆಗೆ.
ಆಮೇಲೆ ಕೆಂಡ. ಜ್ವಾಲೆಯಲ್ಲ, ಕೆಂಡ.
ತಿರುಗಿಸು, ತಿರುಗಿಸುತ್ತಲೇ ಇರು.

ಕೊನೆಗೆ ಪೈಪು
ನಿದ್ದೆ ಹತ್ತಿದ ಮಗುವಿನ ತೋಳಾಯಿತು.
ಇಬ್ಬರೂ ಹಿಡಿದು ತೆಂಗಿನ ಬೊಡ್ಡೆಗೆ ಒರಗಿಸಿದೆವು.
"ಎಳೀಬೇಡ, ಅದೇ ಬರಲಿ."
ಒದ್ದೆ ಗೋಣಿ ಹೊದಿಸಿ
ತಣಿಯುವ ತನಕ ಅಲುಗಲಿಲ್ಲ,
ಮೂಗು ತುರಿಸಿದರೂ.

ಮರಳು ಸುರಿದ. ಎಡಗಾಲ ಚಪ್ಪಲಿ ಕಳಚಿ
ಬಾಯಿಗೆ ಹೊಡೆದ:
ಖರ್.
ತಿರುವಿನಲ್ಲಿ ಇನ್ನೂ ಒಂದು ಹಿಡಿ ಕಡಲು.

ಉದ್ದ ಅಷ್ಟೇ ಇದೆ, ದನಿಯೂ ಇರಲೇಬೇಕು ಎನ್ನುತ್ತಾನೆ.
ಭಾನುವಾರಕ್ಕೆ ಎರಡು ದಿನ.
ಅಲ್ಲಾಡಿಸುತ್ತಿದ್ದೇವೆ.