ಯಾವ ಕೈಲಿ ಊಟ ಮಾಡ್ತೀರಿ

ಯಾವ ಕೈಲಿ ಊಟ ಮಾಡ್ತೀರಿ, ಅಂದ್ರಿ ಡಾಕ್ಟರಮ್ಮ.
ಬಲಗೈ ಅಂದೆ.
ಬೇರೆ ಏನು ಹೇಳಲಿ,
ಎಡಗೈ ತಟ್ಟೆಗೆ ಹೋದರೆ ಅಮ್ಮಿಯ ಸೌಟು
ಬೆರಳ ಮೇಲೆ ಬೀಳುತ್ತಿದ್ದ ಮನೆ ನಮ್ಮದು.
ಹಾಗಾದರೆ ಎಡಗೈ, ಎಂದು ನೀಲಿ ಪೆನ್ನಲ್ಲಿ
ಮಣಿಕಟ್ಟಿನ ಮೇಲೆ ಗೆರೆ ಎಳೆದಿರಿ.
ಯಾವ ಕೈಲಿ ತುದಿ ಹುಡುಕ್ತೀರಿ ಅಂತ
ನೀವು ಕೇಳಲಿಲ್ಲ.

ಶಿಡ್ಲಘಟ್ಟದಲ್ಲಿ ಮೂವತ್ತೊಂದು ವರ್ಷ
ಈ ಎಡಗೈ ಕುದಿಯುವ ಬೇಸಿನ್ನಿಗೆ ಇಳಿದು
ಗೂಡಿನ ತುದಿ ಹಿಡಿದಿದೆ.
ಕಣ್ಣಿಗೆ ಕಾಣದ್ದು, ಬೆರಳಿಗೆ ಮಾತ್ರ ಗೊತ್ತಾಗುವಂಥದ್ದು.
ಸಿಕ್ಕಿತೋ, ಒಂದೇ ಎಳೆಯಲ್ಲಿ ಗೂಡು ಬಿಚ್ಚುತ್ತೆ,
ಬೆಂದ ಹುಳ ಬರಿಮೈಯಲ್ಲಿ ತೇಲುತ್ತೆ.
ಎಷ್ಟು ತೊಳೆದರೂ ಆ ವಾಸನೆ ಹೋಗಲ್ಲ.
ನೀವು ಮುಖ ತಿರುಗಿಸಲಿಲ್ಲ, ಅದು ನೆನಪಿದೆ.

ಚಿಕ್ಕಬಳ್ಳಾಪುರದ ಆ ಮೇಜಿನ ಮೇಲೆ
ಕೈ ಮರಗಟ್ಟಿ, ಕಿವಿ ಎಚ್ಚರವಾಗಿ ಮಲಗಿದ್ದೆ.
"ಸಣ್ಣ ಇದೆ, ಎರಡು ಮಿಲಿಮೀಟರೂ ಇಲ್ಲ" ಅಂದ್ರಿ ಯಾರಿಗೋ,
"ಸೂಜಿ ಚುಚ್ಚಿ ಚುಚ್ಚಿ ಗೋಡೆ ಗಟ್ಟಿಯಾಗಿದೆ."
ಹೌದು. ಎರಡು ವರ್ಷ ಸಿಕ್ಕಸಿಕ್ಕ ಕ್ಲಿನಿಕ್ಕಲ್ಲಿ
ಸುಸ್ತಿಗೆ ಗ್ಲೂಕೋಸ್ ಹಾಕಿಸಿಕೊಂಡಿದ್ದು ಆ ಕೈಗೇ.
ಕಿಡ್ನಿ ಅಂತ ಯಾರೂ ಅನ್ನಲಿಲ್ಲ.
ಕೊನೆಗೆ ಅಂದವರೂ, ನರ ಉಳಿಸಿಕೊಳ್ಳಮ್ಮ,
ಮುಂದೆ ಬೇಕಾಗುತ್ತೆ, ಅನ್ನಲಿಲ್ಲ.

ಒಂಬತ್ತು ದಿನ ಝುಮ್ ಅಂತಿತ್ತು.
ಹತ್ತನೆಯ ಬೆಳಿಗ್ಗೆ, ಕರೆಂಟು ಹೋದ ಫಿಲೇಚರಿನ ಹಾಗೆ,
ಸುಮ್ಮನೆ.

ಪಕ್ಕದ ಹಾಸಿಗೆಯ ಮುನಿಲಕ್ಷ್ಮಮ್ಮ, ಬಾಗೇಪಲ್ಲಿ ಕಡೆಯವರು,
"ನಂದೂ ಎರಡು ಕೆಟ್ಟವು, ಮೂರನೇದು ನಿಂತಿತು" ಅಂದರು
ಬೋರ್‌ವೆಲ್ ಲೆಕ್ಕ ಒಪ್ಪಿಸಿದ ಹಾಗೆ.
ನನಗೆ ಕುತ್ತಿಗೆಯ ಪೈಪು, ಅದರ ಜ್ವರ, ಅದರ ಚಳಿ.

ಎರಡನೇ ಸಲ ನೀವು ತೋಳಿಗೆ ಪಟ್ಟಿ ಬಿಗಿದು, ಜೆಲ್ಲು ಸವರಿ
ಪರದೆಯಲ್ಲಿ ಮೊಣಕೈ ದಾಟುವವರೆಗೂ ನೋಡಿದಿರಿ, ಅವಸರವಿಲ್ಲದೆ.
ಆಗ ನಾನೂ ಬಾಯಿ ಬಿಟ್ಟೆ:
ಊಟ ಬಲಗೈ, ದುಡಿಮೆ ಎಡಗೈ, ನಾನು ಎಡಚಿ.
ಪೆನ್ನು ಗಾಳಿಯಲ್ಲೇ ನಿಂತಿತು.
"ಮೊದಲೇ ಹೇಳಬಾರದಿತ್ತೇನಮ್ಮ?"
"ಮೊದಲೇ ಕೇಳಬಾರದಿತ್ತೇ?"
ನಕ್ಕಿದ್ದು ನೀವೇ ಮೊದಲು.

ಬಲ ಮೊಣಕೈ. ಕೂದಲಿಗಿಂತ ಸಣ್ಣ ನೀಲಿ ನೂಲು.
ನುಗ್ಗಿ ಬರುವ ರಕ್ತದ ಪಕ್ಕೆಗೆ
ಮೆಲ್ಲಗೆ ಮರಳುವ ರಕ್ತವನ್ನು ಹೊಲಿದಿರಿ.
ಹೇಗೆ ಜೋಡಿಸ್ತೀರಿ, ಕೇಳಿದೆ.
"ತಿರುಚಬಾರದು. ಎಳೆದು ಬಿಗಿ ಮಾಡಬಾರದು.
ಬಾಯಿ ಚಿಕ್ಕದಾದರೆ ಕಟ್ಟಿಕೊಳ್ಳುತ್ತೆ,
ದೊಡ್ಡದಾದರೆ ಬೆರಳಿನ ಪಾಲು ಕದಿಯುತ್ತೆ."
ಸಂಸಾರದ ಮಾತಿನ ಹಾಗಿತ್ತು.
ನಮ್ಮಲ್ಲಿ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ
ಜೋಡಿ ಗೂಡು ಅಂತ ಆರಿಸಿ ಆಚೆ ಹಾಕ್ತೀವಿ,
ಎಳೆ ಸಿಕ್ಕಾಗುತ್ತೆ, ರೇಟು ಬರಲ್ಲ.
ಈಗ ನನ್ನ ತೋಳಲ್ಲೇ ಒಂದು.

ಆರು ವಾರ ಹಣ್ಣಾಗಬೇಕು, ಅಂದ್ರಿ.
ಹಣ್ಣಾಗೋದು ನನಗೆ ಗೊತ್ತು.
ಹುಳ ಸೊಪ್ಪು ಬಿಟ್ಟು, ಮೈ ಹೊಳೆದು, ತಲೆ ಎತ್ತುವ ಹೊತ್ತು.
ಒಂದು ದಿನ ಮುಂಚೆ ಚಂದ್ರಿಕೆಗೆ ಬಿಟ್ಟರೂ ಗೂಡು ಜಳ್ಳು.
ಕಾದೆ. ಮೊಮ್ಮಗಳ ರಬ್ಬರ್ ಚೆಂಡು ಹಿಸುಕಿದೆ.
ಬಳೆ ತೆಗೆದೆ. ಆ ಮಗ್ಗುಲಿಗೆ ಮಲಗಲಿಲ್ಲ.
ಬಿ.ಪಿ. ನೋಡಲು ಬಂದ ಹುಡುಗಿಗೆ ಇನ್ನೊಂದು ಕೈ ಚಾಚಿದೆ.
ರಾತ್ರಿ ಮೊಮ್ಮಗಳು ಕಿವಿ ಇಟ್ಟು,
ಒಳಗೆ ಯಾರೋ ಚರಕ ತಿರುಗಿಸ್ತಾರೆ ದಾದಿ, ಅಂದಳು.

ಏಳನೇ ವಾರ ಟೆಕ್ನಿಷಿಯನ್ ರವಣಪ್ಪ
ದಪ್ಪ ಸೂಜಿ ಇಳಿಸಿ, ಮೊದಲ ಸಲಕ್ಕೇ
"ಸಿಕ್ತು" ಅಂದ.
ಅದು ನಮ್ಮ ಮಾತು, ಅವನಿಗೆ ಯಾರು ಹೇಳಿಕೊಟ್ಟರೋ.

ನಿನ್ನೆ ನೀವು ಬಂದು ಎರಡು ಬೆರಳಿಟ್ಟು ಕಣ್ಣು ಮುಚ್ಚಿದಿರಿ.
ಎಳೆಯ ಬಿಗಿ ನಾನು ನೋಡೋದೂ ಹಾಗೇ.
ಎಷ್ಟು ಡೆನಿಯರ್, ಅಂತ ಕೇಳಬೇಕೆಂದಿದ್ದೆ.
ಬಸ್ಸಿಗೆ ಹೊತ್ತಾಗಿತ್ತು.