ಹಲ್ಲುಗಾಲಿ

ರುಸ್ತಾವಿಯ ಹಳೇ ಕಾರುಗಳ ಸಂತೆಯಲ್ಲಿ ಕೊಂಡೆ,
ತೊಂಬತ್ತಮೂರರ ಮರ್ಸಿಡಿಸ್ ಕೂಪೆ.
ಎರಡೇ ಬಾಗಿಲು, ನಡುವೆ ಕಂಬವಿಲ್ಲ,
ನಾಲ್ಕೂ ಗಾಜು ಇಳಿಸಿದರೆ
ಆ ಬದಿಯ ಗಾಳಿ ಈ ಬದಿಗೆ ಕೇಳದೆ ಬರುತ್ತದೆ.
ಬಾನೆಟ್ಟು ಎತ್ತುವಾಗ ಮಾರುವವನು
ಮುಖ ಅತ್ತ ತಿರುಗಿಸಿದ.
ತಿಳಿಯಬೇಕಿತ್ತು. ತಿಳಿಯಿತು ಕೂಡ.
ಆದರೂ ಎಣಿಸಿ ಕೊಟ್ಟೆ,
ಊರವರ ಬಾಯಿಗೆ ಹಲ್ಲು ಕಟ್ಟಿ ಕೂಡಿಟ್ಟ ದುಡ್ಡು.

ನನ್ನ ಕಸುಬು ಅದು. ಕುತಾಯಿಸಿಯ ಡಾಕ್ಟರುಗಳು
ಅಚ್ಚು ಕಳಿಸುತ್ತಾರೆ, ನಾನು ಹಲ್ಲು ಕಳಿಸುತ್ತೇನೆ.
ಯಾರ ನಗುವೋ, ನಾನು ಕಂಡಿಲ್ಲ.

ರಿಕೋತಿ ಘಟ್ಟದಲ್ಲಿ ಕಾರು ಕುದಿಯಿತು.
ಎರಡು ಸಲ ನೀರು ಕುಡಿಸಿದೆ.
ಮೂರನೆಯದಕ್ಕೆ ಉಳಿದದ್ದು
ಒಂದು ಬಾಟಲಿ ಬೊರ್ಜೋಮಿಯ ಉಪ್ಪುನೀರು;
ಅದನ್ನೂ ಹೊಯ್ದೆ, ಅಜೀರ್ಣಕ್ಕೆ ಒಳ್ಳೆಯದಂತೆ.

ನಮ್ಮ ವಠಾರದ ಹಿಂದೆ ತಗಡಿನ ಗ್ಯಾರೇಜು.
ಪಕ್ಕದ ಬಾಗಿಲಲ್ಲಿ ಎಲ್ಗುಜಾ,
ಲಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆ ಹಾಕಿದವನು,
ನಾರ್ದಿಯ ದಾಳ ಕೈಯಲ್ಲೇ ಹಿಡಿದು ಎದ್ದು ಬಂದ.
ಸುತ್ತ ಒಂದು ಪ್ರದಕ್ಷಿಣೆ. ಚಕ್ರದ ಮೇಲಂಚಿಗೆ ಹೆಬ್ಬೆರಳು ಒತ್ತಿದ.
ಹೆಬ್ಬೆರಳು ಒಳಗೆ ಹೋಯಿತು.
"ಸಾಹುಕಾರರು ಹೀಗೇ ಸಾಯುವುದು," ಅಂದ, "ಮೇಲೆ ಮಿಂಚುತ್ತಾ."

ಎಂಜಿನ್ನಿನ ತಂತಿಗಳ ಸಿಪ್ಪೆ
ಬೆರಳು ತಾಗಿದರೆ ಹಪ್ಪಳದಂತೆ ಪುಡಿ.
ಚಳಿಗಾಲವಿಡೀ ಒಂದೊಂದೇ ಬದಲಿಸಿದೆ,
ಕಂದು ಹಸಿರು, ಕಂದು ಕೆಂಪು,
ಚೀಟಿ ಅಂಟಿಸಿ, ಹಲ್ಲಿನ ಕನ್ನಡಿಯಲ್ಲಿ ಹಿಂಬದಿ ಇಣುಕಿ.
ಒಮ್ಮೆ ತಪ್ಪು ಜೋಡಿಸಿ
ಹಾರ್ನು ರಾತ್ರಿ ಎರಡಕ್ಕೆ ಕೂಗತೊಡಗಿ
ನಾಲ್ಕನೇ ಮಹಡಿಯ ತ್ಸಿಯಾಲಾ ಚಪ್ಪಲಿ ಎಸೆದಳು.
ಒಂದೇ. ಇನ್ನೊಂದನ್ನು ನಾನೂ ಕೇಳಲಿಲ್ಲ.

ಇದೇ ಕಾರು ಯಾಕೆ, ಎಂದು ಎಲ್ಲರೂ ಕೇಳಿದರು.
ಹೇಳುವಂಥದ್ದಲ್ಲ.
ಎಂಟು ವರ್ಷ ನನಗೆ, ಊರಿಗೆ ಕರೆಂಟಿರದ ಕಾಲ,
ಬ್ರೆಡ್ಡಿನ ಸರತಿಯಲ್ಲಿ ಕತ್ತಲಲ್ಲೇ ನಿಂತಿದ್ದೆ.
ಇಂಥದೊಂದು ಕಾರು ಬಂದು ನಿಂತಿತು, ಒಳಗೆ ದೀಪ ಉರಿಯುತ್ತಿತ್ತು.
ಬೀದಿಗೆಲ್ಲ ಅದೊಂದೇ ಬೆಳಕು.
ಕೂತವನು ಕಳ್ಳನೇ ಇರಬೇಕು, ಆಗ ಇನ್ಯಾರ ಹತ್ತಿರ ಇದ್ದೀತು.
ಅವನು ಬಾಗಿಲು ಹಾಕಿಕೊಂಡ, ಕೀಲಿ ತಿರುವಿದ,
ಹೆಗಲ ಹಿಂದಿನಿಂದ ಒಂದು ಸಣ್ಣ ಕರಿಯ ತೋಳು
ಮೆಲ್ಲಗೆ ಮುಂದೆ ಚಾಚಿ ಬಂದು
ಸೀಟ್ ಬೆಲ್ಟನ್ನು ಅವನ ಕೈಗೆ ಹಿಡಿಯಿತು.
ಅವನು ತಿರುಗಿಯೂ ನೋಡಲಿಲ್ಲ.
ತೋಳು ಕಾಯಿತು,
ಆಮೇಲೆ ಒಳಗೆ ಸರಿಯಿತು.

ನನ್ನ ಕಾರಿನ ತೋಳುಗಳೆರಡೂ ಸತ್ತಿದ್ದವು.
ಬಿಚ್ಚಿದರೆ ಕಡಲೆ ಗಾತ್ರದ ಪ್ಲಾಸ್ಟಿಕ್ ಹಲ್ಲುಗಾಲಿ,
ಐದು ಹಲ್ಲು ಮುರಿದಿದೆ, ಆರನೆಯದು ಅಲ್ಲಾಡುತ್ತಿದೆ.
ಕಡಲೆ ಸಿಕ್ಕಾಗ ಹಲ್ಲಿಲ್ಲ ಎಂಬ ಗಾದೆಗೆ
ನನ್ನಷ್ಟು ನಕ್ಕವರು ಇರಲಾರರು.
ಇದು ನನಗೆ ಬರುತ್ತದೆ!
ಮೇಣ ತುಂಬಿ ಮುರಿದ ಜಾಗ ಕೆತ್ತಿದೆ,
ಅಚ್ಚು ತೆಗೆದೆ, ಅಕ್ರಿಲಿಕ್ ಹೊಯ್ದೆ.
ಬಿಳಿ ಮುಗಿದಿತ್ತು. ವಸಡಿನ ಬಣ್ಣದ್ದೇ ಆಗಲಿ ಎಂದೆ.
ಜರ್ಮನಿಯ ಕಾರಿನೊಳಗೆ ಈಗ ಎರಡು
ಗುಲಾಬಿ ಗಾಲಿ, ಹೊರಗೆ ಯಾರಿಗೂ ಕಾಣದಂತೆ.

ಪ್ಲಮ್ ಮರ ಹೂಬಿಟ್ಟ ವಾರ
ಎಲ್ಗುಜಾನನ್ನು ಪಕ್ಕದ ಸೀಟಿಗೆ ಕರೆದೆ.
ಚಕ್ರದಂಚಿನ ಬೆಸುಗೆ ಅವನದು, ದುಡ್ಡು ಮುಟ್ಟಲಿಲ್ಲ,
ಕೆಳಸಾಲಿನ ಕಟ್ಟುಹಲ್ಲು ಒಂದು ಸೆಟ್ಟು ಸಾಕೆಂದಿದ್ದ.
ಕೂತ. ಸೀಟು ಒತ್ತಿ ನೋಡಿದ. ಬಾಗಿಲು ಎಳೆದುಕೊಂಡ.
ಕೀಲಿ ತಿರುವಿದೆ.
ಕುಂಯ್ ಎಂದಿತು. ಅವನ ಹೆಗಲ ಬಳಿ ತೋಳು
ತಡವರಿಸಿ, ಒಮ್ಮೆ ನಿಂತು, ಮತ್ತೆ ಮುಂದೆ ಬಂತು.

ಮುದುಕ ಬೆಚ್ಚಿ ಹಿಂತಿರುಗಿದ.
ಯಾರೂ ಇಲ್ಲದ ಹಿಂದಿನ ಸೀಟು ನೋಡಿದ, ತೋಳನ್ನು ನೋಡಿದ,
ಬೆಲ್ಟು ತೆಗೆದುಕೊಂಡು
ಅದಕ್ಕೇ ಹೇಳಿದ, ಗಂಭೀರವಾಗಿ:
"ಗ್ಮಾದ್ಲೋಬ್ತ್." ಉಪಕಾರವಾಯಿತು.

ಹೊಸ ಹಲ್ಲು ಎಲ್ಲವೂ ಕಂಡಿತು ನನಗೆ.

ಬೇಕರಿಯ ತಿರುವಿನ ತನಕ ಹೋಗಿ ಬಂದೆವು.
ರೇಡಿಯೇಟರು ಇನ್ನೂ ಸೋರುತ್ತಿದೆ.