ಕಣ್ಕಟ್ಟು

ಒಂಬತ್ತನೇ ಈಯತ್ತೆ, ಕುಷ್ಟಗಿ.
ಮೌಲಾಸಾಬ ಮಾಸ್ತರು ಹಲಗೆಯ ಮೇಲೆ ಬರೆದರು:
ಹುಡ್‌ವಿಂಕ್. ಅಂದರೆ ಮೋಸ.
ಹುಡ್ ಅಂದರೆ ಕುಂಚಿಗೆ,
ನಿಮ್ಮವ್ವ ಕೂಸಿಗೆ ಕಟ್ಟುವಂಥದೇ.
ವಿಂಕ್ ಅಂದರೆ?
ಹಿಂದಿನ ಬೆಂಚು ಕಣ್ಣು ಹೊಡೆಯಿತು.

"ಅದು ಈಗಿನ ಅರ್ಥ" ಅಂದರು ಸೀಮೆಸುಣ್ಣ ಊದಿ,
"ಆಗ ಎರಡೂ ಕಣ್ಣು ಮುಚ್ಚೋದು.
ಕುಂಚಿಗೆ ಮೂಗಿನತನಕ ಎಳೆದರೆ
ಮೊದಲು ಕತ್ತಲು,
ಮೋಸ ಆಮೇಲೆ ಬಂತು."

ಗಾಣಿಗರ ಹುಡುಗಿಗೆ ಇದನ್ನು ಬಿಡಿಸಿ ಹೇಳಬೇಕೆ?
ಬರೆದುಕೊಂಡೆ: ಕಣ್ಕಟ್ಟು.
ನಮ್ಮಲ್ಲಿ ಅದು ಅಪ್ಪನ ಹಳೇ ಲುಂಗಿಯ ಚೂರು,
ಕುಸುಬಿ ಎಣ್ಣೆಯ ಜಿಡ್ಡು ಹತ್ತಿದ್ದು,
ದಿನಾ ನಸುಕಿಗೆ ಎತ್ತಿನ ಕಣ್ಣಿಗೆ.
ಅದರ ಲೆಕ್ಕದಲ್ಲಿ ಅದು
ತಾವರಗೇರಿ ದಾಟಿ
ಸಿಂಧನೂರು ಮುಟ್ಟಿರಬೇಕು ಎಷ್ಟೋ ಸಲ.

ಸಂಜೆ ಅಪ್ಪಗೆ ಹೇಳಿದೆ:
"ಇಂಗ್ಲಿಷಿನಾಗೂ ಐತಿ ನಮ್ಮ ಅರಿವಿ."

ಅಪ್ಪ ಹಿಂಡಿ ಒಡೆಯುತ್ತಲೇ ಇದ್ದ.
"ಮೊನ್ನಿ ಕಟ್ಟೋದು ಮರ್ತಿದ್ದೆ" ಅಂದ.
"ಮಧ್ಯಾಹ್ನ ನೋಡ್ತೀನಿ,
ತಾನೇ ಕಣ್ಣು ಮುಚಿಗೊಂಡು
ತಿರಗಾಕ ಹತ್ತಿತ್ತು."

ಎದ್ದು ಹೋಗಿ
ಆ ಲುಂಗಿಯ ಚೂರಿಗೆ ಸೋಪು ಹಚ್ಚಿದ.
ತಿಕ್ಕಿದ, ಬಹಳ ಹೊತ್ತು.